ತೆನೆ ಹಬ್ಬದ ದಿನ
ಇವತ್ತು ಸೆಪ್ಟೆಂಬರ್ 8, ನಮ್ಮ ಕರಾವಳಿಯ ಕ್ರೈಸ್ತರ ಮೊಂತಿ ಫೆಸ್ತ್, ಅಂದರೆ ಮಾತೆ ಮೇರಿಯ ಹುಟ್ಟುಹಬ್ಬ, ಹೊಸ ತೆನೆಯ ಹಬ್ಬ. ಒಂಬತ್ತು ದಿನ ಮಕ್ಕಳು ಮಾತೆ ಮೇರಿಗೆ ಹೂ ಅರ್ಪಿಸಿದ್ದರು. ಚರ್ಚಿನಲ್ಲಿ ಬಲಿಪೂಜೆಯ ಪ್ರಾರ್ಥನೆ (ಮಾಸ್) ಮುಗಿದ ಮೇಲೆ ಆಶೀರ್ವಾದದ ತೆನೆ ಮನೆಗೆ ಬಂತು. ಅಮ್ಮ ಹೊಸ ಅಕ್ಕಿ ಪುಡಿ ಮಾಡಿ ಪಾಯಸಕ್ಕೆ ಹಾಕಿದರು. ಮೀನಿಲ್ಲ, ಮಾಂಸವಿಲ್ಲ, ಬರೀ ತರಕಾರಿ ಊಟ. ನನಗೆ ವರ್ಷದಲ್ಲೇ ಜಾಸ್ತಿ ಇಷ್ಟದ ಊಟ ಇದು.

ಊಟಕ್ಕೆ ಕೂತಾಗ ನಾಟಿ ಮಾಡಿದ ಅಕ್ಕಂದಿರು ನೆನಪಾದರು. ಅವರ ಕೇರಿಗೆ ಇನ್ನೂ ನಲ್ಲಿ ನೀರು ಸರಿಯಾಗಿ ಬರುತ್ತಿಲ್ಲ. ಕಳೆದ ಗ್ರಾಮಸಭೆಗೆ ನಾನು ಹೋಗಲಿಲ್ಲ. ಆ ಹೊತ್ತಿಗೆ ಚರ್ಚಿನಲ್ಲಿ ಹಾಡಿನ ಅಭ್ಯಾಸವಿತ್ತು. ಹಾಡೂ ಬೇಕು, ನಿಜ. ಆದರೆ ಅವರ ನೀರಿಗಾಗಿ ಎದ್ದು ನಿಂತು ಕೇಳುವುದೂ ಪ್ರಾರ್ಥನೆಯೇ ಅಲ್ವಾ?

ಅರ್ಜಿ ಬರೆದಿಟ್ಟಿದ್ದೇನೆ. ಸಂಜೆ ಪಾಯಸ ತಗೊಂಡು ಅವರ ಮನೆಗೆ ಹೋಗಿ, ಎಲ್ಲರ ಸಹಿ ಹಾಕಿಸಿಕೊಂಡು ಬರಬೇಕು.