ಲೋಟದ ನೀರು, ಒಂದು ಸ್ಟ್ರಾ

ನವೆಂಬರ್ ಬಂತೆಂದರೆ ಬೆಂಗಳೂರಿನ ಜಾನಪದ ಹಾಡುಗಾರರಿಗೆ ಸುಗ್ಗಿ. ಗಲ್ಲಿಗೊಂದು ರಾಜ್ಯೋತ್ಸವ. ಆ ಸಲ ವಿಜಯನಗರ, ಯಶವಂತಪುರ, ಕೆಂಗೇರಿ ಅಂತ ಒಂದೇ ಸಮನೆ 4 ರಾತ್ರಿ ಹಾಡಿದೆ. ಐದನೇ ಬೆಳಿಗ್ಗೆ ಅಂಗಡಿಯಲ್ಲಿ "ಅರ್ಧ ಲೀಟರ್ ಹಾಲು" ಅನ್ನೋಕೂ ದನಿ ಹೊರಡಲಿಲ್ಲ.

ಮೆಣಸಿನ ಕಷಾಯ, ಜೇನುತುಪ್ಪ, ಕಲ್ಲುಸಕ್ಕರೆ ಎಲ್ಲ ಆಯಿತು. ಕೊನೆಗೆ ಗಂಟಲಿನ ಡಾಕ್ಟರು ಕ್ಯಾಮೆರಾ ಬಿಟ್ಟು ತೋರಿಸಿದರು. ಧ್ವನಿತಂತುಗಳು ಕೆಂಪಗೆ ಊದಿದ್ದವು. ಗಂಟು ಕಟ್ಟಿರಲಿಲ್ಲ, ಪುಣ್ಯ. ಹೆಂಗಸರು ಸುಮ್ನೆ ಮಾತಾಡಿದರೂ ಅವು ಸೆಕೆಂಡಿಗೆ ಸುಮಾರು 200 ಸಲ ತಾಗುತ್ತವಂತೆ. ಕಿರುಚಿ ಹಾಡಿದ 4 ರಾತ್ರಿಯ ಲೆಕ್ಕ ಹಾಕಲು ನನಗೆ ಧೈರ್ಯವಾಗಲಿಲ್ಲ. ಒಂದು ವಾರ ಮಾತು ಬೇಡ, ಪಿಸುಮಾತೂ ಬೇಡ ಅಂದರು.

ಆಮೇಲೆ ವಾಯ್ಸ್ ಥೆರಪಿ. ಹಾಡಿಸುತ್ತಾರೆ ಅಂದುಕೊಂಡು ಶ್ರುತಿಪೆಟ್ಟಿಗೆ ಹೊತ್ತು ಹೋಗಿದ್ದೆ. ಮೇಡಂ ಅರ್ಧ ಲೋಟ ನೀರು, ಒಂದು ಸ್ಟ್ರಾ ಕೊಟ್ಟರು. "ನೀರಲ್ಲಿ ಅದ್ದಿ 'ಊ' ಅನ್ನಿ. ಗುಳ್ಳೆ ಒಂದೇ ಸಮ ಬರಬೇಕು." ನನಗೆ ನಗು. ಆದರೆ ಒಂದೇ ಸಮ ಬರಲೇ ಇಲ್ಲ. ಜೋರು ಮಾಡಿದರೆ ನೀರು ಮುಖಕ್ಕೇ ಹಾರುತ್ತಿತ್ತು. ನೀರಿನ ತಡೆಯಿಂದ ಗಾಳಿ ಸ್ವಲ್ಪ ವಾಪಸ್ ಒತ್ತುತ್ತದೆ, ಆಗ ತಂತುಗಳು ಬಡಿದುಕೊಳ್ಳದೆ ಮೆತ್ತಗೆ ತಾಗುತ್ತವೆ ಅಂತ ವಿವರಿಸಿದರು.

"ಇಷ್ಟು ಜೋರು ಯಾಕೆ?"

"ಜಾನಪದ ಅಂದ್ರೆ ಎದೆ ಬಿಚ್ಚಿ ಹಾಡೋದು ಅಲ್ವಾ ಮೇಡಂ?"

"ನಿಮಗೆ ಕಲಿಸಿದವರೂ ಹೀಗೇ ಹಾಡ್ತಿದ್ರಾ?"

ಕಲಿಸಿದ್ದು ಅಜ್ಜಿ. ಮಂಡ್ಯದ ಹಳ್ಳಿಯಲ್ಲಿ ಮದುವೆ ಮನೆಯ ಸೋಬಾನೆಗೆ ರಾತ್ರಿಯಿಡೀ ಕೂರುತ್ತಿದ್ದಳು. ಬೆಳಿಗ್ಗೆ ದನಿ ಹಾಗೇ ಇರುತ್ತಿತ್ತು. ಅವಳು ಒಂದು ಸಾಲು ಹೇಳಿದರೆ ಉಳಿದ ಹೆಂಗಸರು ಸೊಲ್ಲು ಹಿಡಿಯುತ್ತಿದ್ದರು. ಅಷ್ಟರಲ್ಲಿ ಅವಳಿಗೆ ಉಸಿರು, ಎಲೆ ಅಡಿಕೆ ಎರಡೂ ಆಗುತ್ತಿತ್ತು. ಶ್ರುತಿ ಅಂದರೆ ಅವಳ ಗಂಟಲು ಎಲ್ಲಿ ಕೂರುತ್ತದೋ ಅದು. ನಾನೋ, ಕೀಬೋರ್ಡ್ ಹೇಳಿದ ಐದೂವರೆ ಮನೆಯ ಎತ್ತರದ ಶ್ರುತಿಯಲ್ಲಿ, ಎರಡೂ ಸಾಲು ಒಬ್ಬಳೇ. ಡ್ರಮ್ಮಿನ ಗದ್ದಲದಲ್ಲಿ ನನ್ನ ದನಿ ನನಗೇ ಕೇಳದೆ ಇನ್ನೂ ಜಾಸ್ತಿ ಕೂಗುತ್ತಿದ್ದೆ.

ಮುಂದಿನ ಕಾರ್ಯಕ್ರಮ ಗಿರಿನಗರದಲ್ಲಿ. ಕೀಬೋರ್ಡಿನವರಿಗೆ "ಅಣ್ಣ, ಶ್ರುತಿ ನಾಲ್ಕೂವರೆಗೆ ಇಳಿಸಿ" ಅಂದೆ. "ಡಲ್ ಹೊಡೆಯುತ್ತೆ ಅಕ್ಕ" ಅಂತ ಗೊಣಗುತ್ತಲೇ ಇಳಿಸಿದರು. ಒಂದು ಸ್ಪೀಕರ್ ನನ್ನ ಕಡೆ ತಿರುಗಿಸಿಕೊಂಡೆ. ಸೊಲ್ಲಿಗೆ ಇಬ್ಬರು ಹುಡುಗಿಯರನ್ನು ಕರೆದೊಯ್ದಿದ್ದೆ. ಸಂಭಾವನೆ ಮೂರು ಪಾಲಾಯಿತು, ಅದು ಬೇರೆ ಮಾತು. ಎರಡನೇ ಪದದಲ್ಲಿ ಅವರು ಸೊಲ್ಲು ಎತ್ತಿಕೊಂಡಾಗ ನಾನು ಸುಮ್ಮನೆ ನಿಂತೆ. ಅಜ್ಜಿ ಎಲೆಗೆ ಸುಣ್ಣ ಸವರುತ್ತಿದ್ದಷ್ಟು ಹೊತ್ತು.