ಎದೆಯ ಮೇಲೆ ‘ಸಿ’ ಅಕ್ಷರ

ನಮ್ಮ ಕಾಲದಲ್ಲಿ ಶಾಲೆಯ ಮೈದಾನದಲ್ಲಿ ಹುಡುಗಿಯರ ಆಟವೆಂದರೆ ಥ್ರೋಬಾಲ್ ಮತ್ತು ಕೊಕ್ಕೊ. ನಾನು ಒಂಬತ್ತನೆಯ ತರಗತಿಯಲ್ಲಿದ್ದ 2010ರಲ್ಲಿ ದೈಹಿಕ ಶಿಕ್ಷಣದ ಮೇಡಂ ಎರಡು ಕಬ್ಬಿಣದ ಕಂಬ ನೆಡಿಸಿದರು. ಹತ್ತು ಅಡಿ ಎತ್ತರದಲ್ಲಿ ಬಳೆ, ಬಳೆಗೆ ಬಲೆ. ಹಿಂದೆ ಹಲಗೆಯೇ ಇಲ್ಲ. ಗೂಟಕ್ಕೆ ಹಗ್ಗ ಕಟ್ಟಿ, 4.9 ಮೀಟರ್ ಅಳೆದು, ಕಂಬದ ಮುಂದೆ ಸುಣ್ಣದ ಅರ್ಧವೃತ್ತ ಎಳೆದೆವು. 30.5 ಮೀಟರ್ ಉದ್ದ, 15.25 ಮೀಟರ್ ಅಗಲದ ಅಂಕಣವನ್ನು ಅಡ್ಡಲಾಗಿ ಮೂರು ಪಾಲು ಮಾಡಿದೆವು. ನೆಟ್‌ಬಾಲ್ ಎಂಬ ಹೆಸರನ್ನು ನಾನು ಕೇಳಿದ್ದು ಅಂದೇ.

ತಂಡಕ್ಕೆ ಏಳು ಮಂದಿ. ಯಾರು ಎಲ್ಲಿಯವರೆಗೆ ಹೋಗಬಹುದು ಎಂಬುದನ್ನು ಎದೆಯ ಮೇಲಿನ ಅಕ್ಷರವೇ ಹೇಳುತ್ತದೆ. ಗೋಲ್ ಶೂಟರ್ ಮತ್ತು ಗೋಲ್ ಅಟ್ಯಾಕ್ ಇಬ್ಬರೇ ಗೋಲು ಹಾಕಬಹುದು, ಅದೂ ಅರ್ಧವೃತ್ತದೊಳಗಿಂದ. ನನಗೆ ಸಿಕ್ಕಿದ್ದು ‘ಸಿ’, ಅಂದರೆ ಸೆಂಟರ್. ಎರಡು ಅರ್ಧವೃತ್ತಗಳನ್ನು ಬಿಟ್ಟರೆ ಇಡೀ ಅಂಕಣ ನನ್ನದು. ಎರಡು ವರ್ಷ ಆಡಿದ ನಾನು ಒಂದೂ ಗೋಲು ಹಾಕಲಿಲ್ಲ. ಹಾಕುವ ಹಕ್ಕೇ ಸೆಂಟರ್‌ಗೆ ಇಲ್ಲ. ಆದರೂ ಅಷ್ಟು ಖುಷಿಯನ್ನು ಬೇರೆ ಯಾವ ಆಟವೂ ನನಗೆ ಕೊಟ್ಟಿಲ್ಲ.

ಚೆಂಡು ಹಿಡಿದವಳು ಓಡುವಂತಿಲ್ಲ. ಮೊದಲು ನೆಲಕ್ಕೂರಿದ ಕಾಲನ್ನು ಎತ್ತಬಹುದು, ಆದರೆ ಅದು ಮತ್ತೆ ನೆಲ ಮುಟ್ಟುವುದರೊಳಗೆ ಚೆಂಡು ಕೈಬಿಟ್ಟಿರಬೇಕು. ಇರುವ ಸಮಯ ಮೂರು ಸೆಕೆಂಡು. ಎದುರಾಳಿ ಮೂರಡಿ ದೂರದಲ್ಲಿ ಕೈಚಾಚಿ ನಿಂತಿರುತ್ತಾಳೆ. ಒಂದು ಪಾಲನ್ನು ಪೂರ್ತಿ ಹಾರಿಸಿ ಎಸೆಯುವುದಕ್ಕೂ ಅವಕಾಶವಿಲ್ಲ, ನಡುವಿನ ಪಾಲಿನಲ್ಲಿ ಯಾರಾದರೂ ಚೆಂಡನ್ನು ಮುಟ್ಟಲೇಬೇಕು. ಎಷ್ಟೇ ಜಾಣೆಯಾದರೂ ಒಬ್ಬಳೇ ಚೆಂಡನ್ನು ಈ ತುದಿಯಿಂದ ಆ ತುದಿಗೆ ಒಯ್ಯಲಾರಳು.

ಮೇಡಂ ಕಂಬದ ಪಕ್ಕದಲ್ಲಿ ನಿಂತು ಗಟ್ಟಿಯಾಗಿ ‘ಒಂದು... ಎರಡು...’ ಎಂದು ಎಣಿಸುತ್ತಿದ್ದರು. ಮೊದಮೊದಲು ಆ ದನಿಗೇ ಗಾಬರಿಯಾಗಿ ಚೆಂಡನ್ನು ಎತ್ತಲೋ ಬಿಸಾಡುತ್ತಿದ್ದೆವು. ‘ಅವಳು ನಿಂತಿರುವ ಕಡೆ ನೋಡಬೇಡ, ಹೋಗುವ ಕಡೆ ನೋಡು’ ಎನ್ನುತ್ತಿದ್ದರು. ಒಂದು ಸಂಜೆ ನಮ್ಮ ವಿಂಗ್ ಅಟ್ಯಾಕ್ ಎಡಕ್ಕೆ ಎರಡು ಹೆಜ್ಜೆ ಇಟ್ಟು ಸರಕ್ಕನೆ ಬಲಕ್ಕೆ ತಿರುಗಿದಳು. ಅವಳು ತಿರುಗುವ ಮೊದಲೇ ನಾನು ಬಲಗಡೆಯ ಖಾಲಿ ಜಾಗಕ್ಕೆ ಚೆಂಡು ಎಸೆದಿದ್ದೆ. ಅಲ್ಲಿ ಯಾರೂ ಇರಲಿಲ್ಲ. ಮರುಕ್ಷಣ ಅವಳ ಎರಡು ಕೈಗಳಿದ್ದವು. ಈ ಆಟದ ಹುಚ್ಚು ಹಿಡಿದದ್ದು ಆ ಗಳಿಗೆಯಲ್ಲಿ. ಎಣಿಕೆ ಕ್ರಮೇಣ ಕಿವಿಗೆ ಕೇಳಿಸದಾಯಿತು. ಮೂರು ಸೆಕೆಂಡು ಎಷ್ಟು ದೀರ್ಘ ಎಂದು ತಿಳಿಯುತ್ತಾ ಹೋಯಿತು.

ತಪ್ಪಿಗೆ ಸಿಗುವ ಶಿಕ್ಷೆಯೂ ನನಗೆ ಇಷ್ಟ. ಮೈ ತಾಗಿಸಿ ಅಡ್ಡಿಪಡಿಸಿದವಳು, ಪಾಸ್ ಕೊಡುವ ಎದುರಾಳಿಯ ಪಕ್ಕದಲ್ಲೇ ಸುಮ್ಮನೆ ನಿಲ್ಲಬೇಕು, ಚೆಂಡು ಅವಳ ಕೈ ಬಿಡುವವರೆಗೆ ಆಟಕ್ಕೆ ಕೈ ಹಾಕುವಂತಿಲ್ಲ. ಹಾಗೆ ನಿಂತಾಗಲೇ ಅಂಕಣ ಪೂರ್ತಿ ಕಾಣುವುದು.

ಆ ವರ್ಷ ದಸರಾ ರಜೆಯ ಹೊತ್ತಿಗೆ ದೆಹಲಿಯಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟ. ಭಾರತದ ಹುಡುಗಿಯರೂ ನೆಟ್‌ಬಾಲ್ ಕಣದಲ್ಲಿದ್ದರು. ಫೈನಲ್‌ನಲ್ಲಿ ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಾ. ಹದಿನೈದು ನಿಮಿಷಗಳ ನಾಲ್ಕು ಅವಧಿ ಮುಗಿದರೂ ಸಮ, ಹೆಚ್ಚುವರಿ ಸಮಯದಲ್ಲೂ ಸಮ. ಅದರ ಮೇಲೂ ಆಡಿ ನ್ಯೂಜಿಲೆಂಡ್ 66–64ರಲ್ಲಿ ಗೆದ್ದಿತು. ಪತ್ರಿಕೆಯಿಂದ ಆ ಸುದ್ದಿ ಕತ್ತರಿಸಿ ಗಣಿತದ ನೋಟ್‌ಬುಕ್ಕಿಗೆ ಅಂಟಿಸಿಕೊಂಡಿದ್ದೆ. ರಜೆ ಮುಗಿದು ಬಂದಾಗ ಏಳೂ ಜನರ ಬಾಯಲ್ಲಿ ಅದೇ ಮಾತು.

ಹತ್ತನೆಯ ತರಗತಿಯ ಬೀಳ್ಕೊಡುಗೆಯ ದಿನ, ಅಮ್ಮ ಎರಡು ಸಲ ಹೊಲಿದುಕೊಟ್ಟಿದ್ದ ಆ ‘ಸಿ’ ಬಿಬ್ಬನ್ನು ಒಗೆದು ಮಡಿಸಿ ತಂದೆ. ಎಂಟನೆಯ ತರಗತಿಯ ಹುಡುಗಿಯೊಬ್ಬಳಿಗೆ ಕೊಟ್ಟೆ. ಅವಳು ಸಮವಸ್ತ್ರದ ಮೇಲೆಯೇ ಅದನ್ನು ತೊಟ್ಟು, ಲಾಡಿ ಕಟ್ಟಿಕೊಳ್ಳುತ್ತಲೇ ಮೈದಾನದ ಕಡೆ ಓಡಿದಳು.