ಕೆಂಪು ಚುಕ್ಕಿಯ ಕಾಟ: ಇಲಿ ಅಡ್ರಿನಲ್, ಮೂರನೇ ಸುತ್ತು

ಕೊನೆಗೂ ಕಳ್ಳ ಸಿಕ್ಕಿಬಿದ್ದ. ಔಷಧ ಕೊಟ್ಟ ಇಲಿಯ ಅಡ್ರಿನಲ್‌ನಲ್ಲಿ (ಮೂತ್ರಪಿಂಡದ ಮೇಲಿನ ಹಾರ್ಮೋನ್ ಗ್ರಂಥಿ) ಕೊಬ್ಬು ಎಷ್ಟಿದೆ ಅಂತ ಕೆಂಪು ಬಣ್ಣ ಹಾಕಿ ಎಣಿಸೋ ಕೆಲಸ ಇದು. ಎರಡು ವಾರ ತಲೆ ತಿಂದ ಕೆಂಪು ಚುಕ್ಕಿ ಕೊಬ್ಬಲ್ಲ, ಬಣ್ಣದ ಗಸಿ.

ಶುರುವಿನ ಹಂತಗಳೆಲ್ಲ ಹಳೇ ಪ್ರಕಾರವೇ: 10% ಬಫರ್ಡ್ ಫಾರ್ಮಲಿನ್, ಗ್ರಂಥಿ ತಳಕ್ಕೆ ಮುಳುಗುವ ತನಕ 30% ಸುಕ್ರೋಸ್, ಕ್ರಯೋಸ್ಟಾಟ್‌ನಲ್ಲಿ (ಹೆಪ್ಪುಗಟ್ಟಿದ ಅಂಗಾಂಶ ಕೊಯ್ಯೋ ಯಂತ್ರ) 10 ಮೈಕ್ರಾನ್ ತುಂಡು. ಮೇಣದ ಬ್ಲಾಕ್ ಇಲ್ಲಿ ದಂಡ. ಅದಕ್ಕೆ ಬಳಸೋ ಆಲ್ಕೋಹಾಲ್, ಝೈಲಿನ್ ಸೇರಿ ಕೊಬ್ಬನ್ನೆಲ್ಲ ತೊಳೆದು ಖಾಲಿ ಗುಳ್ಳೆ ಬಿಟ್ಟು ಹೋಗ್ತವೆ.

ಇಲಿಗಳಿಗೆ ಕೊಟ್ಟ ಮೆಡ್ರಾಕ್ಸಿಪ್ರೊಜೆಸ್ಟರಾನ್ ಅಸಿಟೇಟ್ ಹೆಸರಿಗೆ ಪ್ರೊಜೆಸ್ಟಿನ್ (ಪ್ರೊಜೆಸ್ಟರಾನ್ ಥರದ ಕೃತಕ ಹಾರ್ಮೋನ್), ಆದರೆ ಅಡ್ರಿನಲ್ ಹಾರ್ಮೋನಿಗೆ ಮೀಸಲಾದ ಗ್ಲುಕೊಕಾರ್ಟಿಕಾಯ್ಡ್ ರಿಸೆಪ್ಟರಿಗೂ ಅಂಟಿಕೊಳ್ಳುತ್ತೆ. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಮೋಸ ಹೋಗಿ ಎಸಿಟಿಎಚ್ (ಅಡ್ರಿನಲ್ ಅನ್ನು ಪ್ರಚೋದಿಸೋ ಹಾರ್ಮೋನ್) ಇಳಿಸುತ್ತೆ, ಅಡ್ರಿನಲ್‌ನ ಫ್ಯಾಸಿಕ್ಯುಲೇಟಾ ಪದರ ಸೊರಗುತ್ತೆ. ಗ್ರಂಥಿ ಹಗುರಾಗಿದ್ದನ್ನು ತಕ್ಕಡಿಯೇ ಹೇಳುತ್ತೆ. ಉಳಿದ ಕೋಶಗಳಲ್ಲಿ ಕೊಬ್ಬಿನ ದಾಸ್ತಾನು ಎಷ್ಟು ಅನ್ನೋದಕ್ಕೆ ಕೊಬ್ಬಿಗೆ ಹತ್ತೋ ಕೆಂಪು ಬಣ್ಣ, ಆಯಿಲ್ ರೆಡ್ ಓ ಬೇಕು. ಚುಕ್ಕಿಯೇ ಸುಳ್ಳಾದರೆ ಎಣಿಕೆ ಪೂರ್ತಿ ಹಳ್ಳ ಹಿಡೀತು.

ಅನುಮಾನ ಹುಟ್ಟಿಸಿದ್ದು ಗ್ರಂಥಿಯ ಒಳತಿರುಳು, ಮೆಡುಲಾ. ಅಲ್ಲಿ ಇಷ್ಟೊಂದು ಕೆಂಪು ಇರಬಾರದು. ಫೋಕಸ್ ತಿರುಗಿಸಿದರೆ ಚುಕ್ಕಿಗಳು ಕೋಶಕ್ಕಿಂತ ಮೇಲಿನ ಮಟ್ಟದಲ್ಲಿ. ಬರಿ ಗಾಜಿನ ಮೇಲೂ ಅವೇ. ಒಂದು ಸ್ಲೈಡನ್ನು 2:1 ಕ್ಲೋರೊಫಾರ್ಮ್–ಮೆಥನಾಲ್‌ನಲ್ಲಿ ಒಂದು ಗಂಟೆ ಇಟ್ಟು, ಕೊಬ್ಬು ತೆಗೆದ ಮೇಲೆ ಬಣ್ಣ ಹಾಕಿದ್ದಾಯಿತು. ಕಾರ್ಟೆಕ್ಸ್ (ಗ್ರಂಥಿಯ ಹೊರಭಾಗ) ಬಿಳಚಿಕೊಂಡಿತು, ಚುಕ್ಕಿ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಕಾರಣ ದಾವಣಗೆರೆ ಬಿಸಿಲು, ಜೊತೆಗೆ ಫ್ಯಾನು. 100 ಮಿಲಿ ಐಸೊಪ್ರೊಪನಾಲ್‌ಗೆ 0.5 ಗ್ರಾಂ ಬಣ್ಣದ ಪುಡಿ ಹಾಕಿದ ಸ್ಟಾಕ್ 6 ಪಾಲು, ನೀರು 4 ಪಾಲು. ಈ ಬೆರಕೆಯಲ್ಲಿ ಬಣ್ಣ ಕರಗಿ ನಿಂತಿರೋದೇ ಕಷ್ಟಪಟ್ಟು. ಬಾಯಿ ತೆರೆದ ಜಾರಿನಿಂದ ಐಸೊಪ್ರೊಪನಾಲ್ ಆರಿದರೆ ನೀರಿನ ಪಾಲು ಹೆಚ್ಚಿ ಬಣ್ಣ ಉದುರುತ್ತೆ. ಇನ್ನೊಂದು ತಪ್ಪು, ಬಣ್ಣದಿಂದ ಸೀದಾ ನೀರಿಗೆ ಅದ್ದಿದ್ದು.

ಈಗ: ಬೆರೆಸಿ 10 ನಿಮಿಷ ಬಿಟ್ಟು, ಬಳಸುವ ಹೊತ್ತಿಗೇ ಸೋಸೋದು. ಸ್ಲೈಡ್ ಮೊದಲು 60% ಐಸೊಪ್ರೊಪನಾಲ್‌ಗೆ, ಆಮೇಲೆ ಮುಚ್ಚಳ ಬಿಗಿದ ಜಾರಿನಲ್ಲಿ 15 ನಿಮಿಷ ಬಣ್ಣ, ಮತ್ತೆ ಹೊಸ 60%ರಲ್ಲಿ ನಾಲ್ಕೈದು ಅದ್ದು, ಕೊನೆಗೆ ನೀರು. ಫ್ಯಾನ್ ಬಂದ್, ಬೆವರು ಉಚಿತ. ಮೌಂಟಿಂಗ್‌ಗೆ ಗ್ಲಿಸರಿನ್ ಜೆಲ್ಲಿಯೇ. ಅಭ್ಯಾಸಬಲದಿಂದ ಡಿಪಿಎಕ್ಸ್ (ಮಾಮೂಲಿ ಸ್ಲೈಡ್ ಅಂಟು) ಹಚ್ಚಿದರೆ ಅದರ ಝೈಲಿನ್ ಕೊಬ್ಬನ್ನು ನುಂಗಿಬಿಡುತ್ತೆ. ಬೆಣ್ಣೆದೋಸೆ ಊರಲ್ಲೇ ಕೊಬ್ಬಿಗೆ ಬರ!

ಬ್ಲಾಕ್ ಹೆಪ್ಪುಗಟ್ಟಿಸೋಕೆ ಬೇಕಾದ ಡ್ರೈ ಐಸ್ (ಕರಗದೆ ನೇರ ಆವಿಯಾಗೋ ಘನ ಇಂಗಾಲದ ಡೈಆಕ್ಸೈಡ್) ಕಥೆ ಬೇರೆ. ಬೆಂಗಳೂರಿಂದ ಬಸ್ಸಿಗೆ ಹಾಕಿಸಿದ ಡಬ್ಬ ಖಾಲಿ ಬಂತು, ಬಿಲ್ ಮಾತ್ರ ಪೂರ್ತಿ ತೂಕಕ್ಕೆ. ಫ್ರೀಜರಿನಲ್ಲಿ ನಿಧಾನ ಹೆಪ್ಪುಗಟ್ಟಿಸಿದ ಬ್ಲಾಕಿನಲ್ಲಿ ಐಸ್ ಹರಳು ಬೆಳೆದು ತುಂಡು ಮಂಡಕ್ಕಿ ಹಾಗೆ ತೂತುತೂತು. ಹಸುಗಳ ವೀರ್ಯಕಡ್ಡಿ ಇಡೋ ದ್ರವ ಸಾರಜನಕವೇ ಗತಿ. ಅದರಲ್ಲಿ ತಣಿಸಿದ ಐಸೊಪೆಂಟೇನ್‌ಗೆ ಬ್ಲಾಕ್ ಇಳಿಸಿದರೆ ಹರಳಿನ ತಕರಾರಿಲ್ಲ.

ಮುಂದಿನ ಸರದಿ ಮೌಸ್‌ನ (ಸಣ್ಣ ಜಾತಿಯ ಇಲಿ) ಅಡ್ರಿನಲ್‌ನ ಎಕ್ಸ್ ಝೋನ್. ಮೆಡುಲಾಗೆ ಒತ್ತಿಕೊಂಡ ಈ ಪಟ್ಟಿ ಗಂಡಿನಲ್ಲಿ ಪ್ರಾಯಕ್ಕೆ ಬರುವಾಗ, ಹೆಣ್ಣಿನಲ್ಲಿ ಮೊದಲ ಬಸಿರಿನಲ್ಲಿ ಮಾಯ. ಟೆಸ್ಟೊಸ್ಟೆರಾನ್ ಕೊಟ್ಟರೂ ಕರಗುತ್ತೆ. ಎಥಿಕ್ಸ್ ಕಮಿಟಿಯ ಅರ್ಜಿ ಅರ್ಧ ತುಂಬಿದೆ. ಅದಕ್ಕೂ ಮೊದಲು ಈ ಸುತ್ತಿನ ಸ್ಲೈಡುಗಳನ್ನೆಲ್ಲ ಮೊದಲಿಂದ ಎಣಿಸಬೇಕು, ಗುಂಪಿಗೊಂದು ಕೊಬ್ಬು ತೆಗೆದ ಸ್ಲೈಡ್ ಜೊತೆಗಿಟ್ಟು.